ಮೂರೆಲೆಯಲ್ಲಿ ಸೀಕ್ವೆನ್ಸ್ ದೊಡ್ಡದು, ಪೋಕರ್‌ನಲ್ಲಿ ಕಲರ್ ದೊಡ್ಡದು. ಯಾಕೆ? ಯಾರಾದ್ರೂ ಬಿಡಿಸಿ ಹೇಳಿ

ಚಾಮರಾಜಪೇಟೆ ಬೈಟೂ
ನಮಸ್ಕಾರ ಎಲ್ರಿಗೂ. ಹೊಸತೊಡಕಿನ ದಿನ ಬಾಡೂಟ ಮುಗಿಸಿ ಮನೆಮಂದಿಯೆಲ್ಲ ಇಸ್ಪೀಟಿಗೆ ಕೂರೋದು ನಮ್ಮಲ್ಲಿ ಮೊದ್ಲಿಂದ್ಲೂ ಇದೆ. ದುಡ್ಡು ಕಟ್ಟಲ್ಲ, ಹುಣಸೆಬೀಜ ಹಂಚ್ಕೊಂಡು ಆಟ. ಯಾವಾಗ್ಲೂ ಮೂರೆಲೆನೇ. ಈ ಸಲ ಚಿಕ್ಕಪ್ಪನ ಮಗ, ವೈಟ್‌ಫೀಲ್ಡ್ ಕಡೆ ಕೆಲಸ ಮಾಡೋನು, ಪೋಕರ್ ಆಡೋಣ ಅಂತ ಹಟ ಹಿಡಿದ. ಕೈಗೆ ಎರಡೆರಡು ಎಲೆ, ನಡುವೆ ಐದು ಎಲೆ, ಒಟ್ಟು ಏಳರಲ್ಲಿ ಒಳ್ಳೇ ಐದು ಲೆಕ್ಕಕ್ಕೆ. ಇಷ್ಟು ಹೇಳಿಕೊಟ್ಟ.

ಜಗಳ ಎದ್ದಿದ್ದು ಈ ಕೈಗೆ. ನಡುವೆ ಬಿದ್ದಿದ್ದು ಇಸ್ಪೀಟ್ 9, ಇಸ್ಪೀಟ್ 6, ಆಟೀನ್ 8, ಇಸ್ಪೀಟ್ 2, ಕಳಾವರ್ ರಾಣಿ. ನಮ್ಮ ಸೋದರತ್ತೆ ಕೈಲಿ ಡೈಮಂಡ್ 7, ಆಟೀನ್ 10. ಅಂದ್ರೆ 6-7-8-9-10 ಸೀಕ್ವೆನ್ಸ್. ಇವನ ಕೈಲಿ ಇಸ್ಪೀಟ್ ರಾಜ, ಇಸ್ಪೀಟ್ 4. ಐದು ಇಸ್ಪೀಟ್ ಆಯ್ತು, ಕಲರ್. ಅತ್ತೆ ಬೀಜದ ರಾಶಿ ಎಳ್ಕೊಳೋಕೆ ಕೈ ಹಾಕಿದ್ರು. "ಅತ್ತೆ ನಿಲ್ಲಿ, ಇಲ್ಲಿ ಫ್ಲಶ್ಶೇ ದೊಡ್ಡದು" ಅಂದ ಇವನು. "ನಾನು ಲಂಗ ಹಾಕ್ಕೊಂಡಿದ್ದಾಗಿಂದ ಎಲೆ ಹಿಡಿದಿದ್ದೀನಿ ಕಣೋ, ಸೀಕ್ವೆನ್ಸ್ ಮುಂದೆ ಕಲರ್ ಯಾವತ್ತು ನಿಂತಿದೆ?" ಅಂದ್ರು ಅತ್ತೆ. ಮನೆಯೆಲ್ಲ ಅತ್ತೆ ಕಡೆ. ಫೋನಲ್ಲಿ ನೋಡಿದ್ರೆ ಅವನು ಹೇಳಿದ್ದೇ ಸರಿ ಅಂತ ಬರ್ತಾ ಇದೆ. ಆದ್ರೆ *ಯಾಕೆ* ಅಂತ ಯಾರೂ ಹೇಳ್ತಿಲ್ಲ. ಎರಡೂ ಅದೇ 52 ಎಲೆ ಕಟ್ಟು. ಒಂದರಲ್ಲಿ ಮೇಲಿದ್ದದ್ದು ಇನ್ನೊಂದರಲ್ಲಿ ಕೆಳಗೆ ಹೋಗೋಕೆ ಏನಾದ್ರೂ ಕಾರಣ ಇರಬೇಕಲ್ವಾ?

ರಾಜಾಜಿನಗರ ರಗಳೆ
ನಿಮ್ಮ ತಮ್ಮನೇ ಸರಿ. ಪೋಕರ್‌ನಲ್ಲಿ ಫ್ಲಶ್ (ನಿಮ್ಮ ಕಲರ್) ದೊಡ್ಡದು, ಸ್ಟ್ರೇಟ್ (ನಿಮ್ಮ ಸೀಕ್ವೆನ್ಸ್) ಚಿಕ್ಕದು. ಬೀಜ ವಾಪಸ್ ಕೊಡಿಸಿ 🙂

ಬನಶಂಕರಿ ಬಸ್‌ಸ್ಟಾಪ್
ರೂಲು ಅಂದ್ರೆ ರೂಲು ಗುರು. ಕ್ರಿಕೆಟ್ಟಲ್ಲಿ ಓವರ್‌ಗೆ ಆರೇ ಬಾಲ್ ಯಾಕೆ ಅಂತ ಕೇಳ್ತೀವಾ? ಯಾರೋ ಯಾವಾಗ್ಲೋ ಮಾಡಿದ್ರು, ನಾವು ಆಡ್ತೀವಿ.

ಹನುಮಂತನಗರ ಲೆಕ್ಕಾಚಾರ
ಇಲ್ಲ ಸಾರ್, ಇದು ಹಾಗೆ ಬಾಯಿಗೆ ಬಂದಂತೆ ಮಾಡಿದ ರೂಲಲ್ಲ. ಪೋಕರ್ ಕೈಗಳ ಪಟ್ಟಿಯ ಹಿಂದೆ ಇರೋದು ಒಂದೇ ತತ್ವ: ಯಾವ ಕೈ ಅಪರೂಪವೋ ಅದು ದೊಡ್ಡದು. ಎಣಿಸಿದ್ರೆ ಮುಗೀತು, ನಂಬೋ ಪ್ರಶ್ನೆನೇ ಬರಲ್ಲ. ಬೈಟೂ ಅವರು ಕೇಳಿದ ಪ್ರಶ್ನೆ ತುಂಬ ಒಳ್ಳೇದು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

52 ಎಲೆಯಲ್ಲಿ ಐದು ಎಲೆ ಆರಿಸೋಕೆ 25,98,960 ದಾರಿ ಇದೆ. ಇದರಲ್ಲಿ ಕಲರ್ ಎಷ್ಟು? ಒಂದು ಜಾತಿಯಲ್ಲಿ 13 ಎಲೆ. 13ರಲ್ಲಿ ಐದು ಆರಿಸೋಕೆ 1,287 ದಾರಿ. ನಾಲ್ಕು ಜಾತಿ, ಆದ್ದರಿಂದ 5,148. ಇದರಲ್ಲಿ 40 ಕೈ ಸೀಕ್ವೆನ್ಸೂ ಆಗಿರತ್ತೆ, ಅದು ಬೇರೆ ದರ್ಜೆ, ಕಳೀರಿ. ಉಳಿದಿದ್ದು 5,108.

ಈಗ ಸೀಕ್ವೆನ್ಸ್. ಎಕ್ಕ-2-3-4-5 ಇಂದ 10-ಗುಲಾಮ-ರಾಣಿ-ರಾಜ-ಎಕ್ಕ ತನಕ ಹತ್ತು ಸಾಲು. ಪ್ರತಿ ಸಾಲಿನ ಒಂದೊಂದು ಎಲೆಯೂ ನಾಲ್ಕು ಜಾತಿಯಲ್ಲಿ ಯಾವುದಾದ್ರೂ ಆಗಬಹುದು. ನಾಲ್ಕನ್ನ ಐದು ಸಲ ಗುಣಿಸಿದ್ರೆ 1,024. ಹತ್ತು ಸಾಲಿಗೆ 10,240. ಅದೇ 40 ಕಳೆದ್ರೆ 10,200. ಸೀಕ್ವೆನ್ಸ್ ಬರೋ ಸಾಧ್ಯತೆ ಕಲರ್‌ನ ಹೆಚ್ಚೂಕಮ್ಮಿ ಎರಡರಷ್ಟು. ಅದಕ್ಕೇ ಅದು ಕೆಳಗೆ.

ಇದೇ ಲೆಕ್ಕ ಮೂರೆಲೆಗೆ ಹಾಕಿ. ಒಟ್ಟು ಕೈ 22,100. ಕಲರ್ 1,096. ಸೀಕ್ವೆನ್ಸ್ 720. ಅಲ್ಲಿ ಸೀಕ್ವೆನ್ಸೇ ಅಪರೂಪ! ನಿಮ್ಮ ಅತ್ತೆ ಇಷ್ಟು ವರ್ಷ ಆಡಿದ್ದು ಪೂರ್ತಿ ಸರಿ, ನಿಮ್ಮ ತಮ್ಮ ಹೇಳಿದ್ದೂ ಪೂರ್ತಿ ಸರಿ. ಆಟ ಬದಲಾದಾಗ ಎಣಿಕೆ ಬದಲಾಯ್ತು, ಅಷ್ಟೇ.

ಚಾಮರಾಜಪೇಟೆ ಬೈಟೂ
ಅಯ್ಯೋ, ಇದಲ್ವಾ ಉತ್ತರ! ಅತ್ತೆಗೆ ಈಗಲೇ ಓದಿ ಹೇಳ್ದೆ. ಅವರದು ಇನ್ನೊಂದು ಪ್ರಶ್ನೆ: "ಹಾಗಾದ್ರೆ ಎಷ್ಟನೇ ಎಲೆಗೆ ತಿರುಗಾಮುರುಗಾ ಆಯ್ತು?"

ಹನುಮಂತನಗರ ಲೆಕ್ಕಾಚಾರ
ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಬಹಳ ಜನಕ್ಕೆ ಹೊಳೆಯೋದೇ ಇಲ್ಲ ಈ ಪ್ರಶ್ನೆ. ನಾಲ್ಕು ಎಲೆ ಆಟ ಅಂತ ಇಟ್ಕೊಳ್ಳಿ: ಸೀಕ್ವೆನ್ಸ್ 2,772, ಕಲರ್ 2,816. ಬರೀ 44 ಕೈ ವ್ಯತ್ಯಾಸ, ಇನ್ನೂ ಸೀಕ್ವೆನ್ಸೇ ಅಪರೂಪ. ಐದನೇ ಎಲೆ ಬಂದ ಕೂಡ್ಲೇ ಪಲ್ಟಿ.

ಕಾರಣ ಇಷ್ಟೇ. ಸೀಕ್ವೆನ್ಸ್‌ಗೆ ಇನ್ನೊಂದು ಎಲೆ ಸೇರಿಸಿದ್ರೆ ಆ ಎಲೆಗೆ ನಾಲ್ಕು ಜಾತಿಯ ಆಯ್ಕೆ ಇದೆ, ಎಣಿಕೆ ಹತ್ತಿರ ಹತ್ತಿರ ನಾಲ್ಕು ಪಟ್ಟು ಏರತ್ತೆ: 720, 2,772, 10,200. ಕಲರ್ ಹಾಗೆ ಏರೋಕೆ ಆಗಲ್ಲ, ಒಂದು ಜಾತೀಲಿ ಇರೋದೇ 13 ಎಲೆ: 1,096, 2,816, 5,108. ಒಂದು ಓಡ್ತಾ ಇದೆ, ಇನ್ನೊಂದು ಏದುಸಿರು ಬಿಡ್ತಾ ಇದೆ.

ಮಲ್ಲೇಶ್ವರಂ ಸಂಪಿಗೆ
ಲೆಕ್ಕಾಚಾರ ಸಾರ್, "ಅಪರೂಪವೇ ದೊಡ್ಡದು" ಅಂತ ಮೂರೆಲೆಗೂ ಸೇರಿಸಿ ಹೇಳಿದ್ರೆ ನಾನು ಒಪ್ಪಲ್ಲ. ಮೂರೆಲೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಟ್ರಯಲ್, ಮೂರು ಎಕ್ಕ, ಮೂರು ರಾಜ ಹೀಗೆ. ಅದು ಎಷ್ಟಿದೆ? 13 ಬೆಲೆ, ಪ್ರತಿಯೊಂದಕ್ಕೂ 4 ದಾರಿ, ಒಟ್ಟು 52. ಪ್ಯೂರ್ ಸೀಕ್ವೆನ್ಸ್, ಅಂದ್ರೆ ಒಂದೇ ಜಾತಿಯ ಸೀಕ್ವೆನ್ಸ್, ಎಷ್ಟಿದೆ? 12 ಸಾಲು, 4 ಜಾತಿ, 48. ಪ್ಯೂರ್ ಸೀಕ್ವೆನ್ಸೇ ಅಪರೂಪ, ಆದ್ರೂ ಟ್ರಯಲ್ ಕೈಲಿ ಸೋಲತ್ತೆ. ಇಲ್ಲಿ ನಿಮ್ಮ ತತ್ವ ಎಲ್ಲಿ ಹೋಯ್ತು?

ಬನಶಂಕರಿ ಬಸ್‌ಸ್ಟಾಪ್
ನೋಡಿದ್ರಾ! ರೂಲು ಅಂದ್ರೆ ರೂಲು.

ಹನುಮಂತನಗರ ಲೆಕ್ಕಾಚಾರ
ಮೇಡಂ, ನಿಮ್ಮ ಎಣಿಕೆ ಸರಿಯಾಗಿದೆ. ನಾನು ತತ್ವ ಹೇಳಿದ್ದು ಪೋಕರ್‌ಗೆ. ಐದೆಲೆ ಪಟ್ಟಿ ಮೇಲಿಂದ ಕೆಳಗಿನ ತನಕ ಎಣಿಕೆಯ ಕ್ರಮದಲ್ಲೇ ಇದೆ. ಮೂರೆಲೆ ಬಂದಿದ್ದು ಇಂಗ್ಲೆಂಡಿನ ಬ್ರ್ಯಾಗ್ ಅನ್ನೋ ಆಟದ ಮೂರೆಲೆ ರೂಪದಿಂದ. ಅಲ್ಲೂ ಮೂರು ಒಂದೇ ಥರದ್ದೇ ತಲೆ ಮೇಲೆ. ಆ ಕ್ರಮ ಹಾಗೇ ನಮ್ಮ ಕೈಗೆ ಬಂತು. 52ಕ್ಕೂ 48ಕ್ಕೂ ಇರೋ ಸಣ್ಣ ಅಂತರ ಆಡ್ತಾ ಆಡ್ತಾ ಯಾರ ಅನುಭವಕ್ಕೂ ಬರಲ್ಲ. 720ಕ್ಕೂ 1,096ಕ್ಕೂ ಇರೋದು ಖಂಡಿತ ಬರತ್ತೆ.

ಮಲ್ಲೇಶ್ವರಂ ಸಂಪಿಗೆ
ಅದು ಸರಿ, ಒಪ್ಪಿದೆ. ಆದ್ರೆ ಹೊಸಬರಿಗೆ ಇದನ್ನೂ ಸೇರಿಸಿ ಹೇಳಬೇಕು ಅನ್ನೋದು ನನ್ನ ವಾದ.

ಕೋರಮಂಗಲ ಕೊಠಡಿ
ಪೂರ್ತಿ ಪಟ್ಟಿ ಯಾರಾದ್ರೂ ಒಂದೇ ಉಸಿರಲ್ಲಿ ಹೇಳಿ ಪ್ಲೀಸ್. ಪಿಜಿ ಟೆರೇಸಲ್ಲಿ ಶನಿವಾರ ಆಡ್ತಿದ್ದೀವಿ, ಗೋಡೆಗೆ ಅಂಟಿಸ್ತೀನಿ.

ರಾಜಾಜಿನಗರ ರಗಳೆ
ದೊಡ್ಡದರಿಂದ ಚಿಕ್ಕದಕ್ಕೆ: ರಾಯಲ್ ಫ್ಲಶ್, ಸ್ಟ್ರೇಟ್ ಫ್ಲಶ್, ನಾಲ್ಕು ಒಂದೇ ಥರ, ಫುಲ್ ಹೌಸ್, ಫ್ಲಶ್, ಸ್ಟ್ರೇಟ್, ಮೂರು ಒಂದೇ ಥರ, ಎರಡು ಪೇರ್, ಒಂದು ಪೇರ್, ಏನೂ ಇಲ್ದಿದ್ರೆ ದೊಡ್ಡ ಎಲೆ. ಸ್ಟ್ರೇಟ್ ಫ್ಲಶ್ ಅಂದ್ರೆ ಒಂದೇ ಜಾತಿಯ ಸ್ಟ್ರೇಟ್, ಅದೇ 10ರಿಂದ ಎಕ್ಕದ ತನಕ ಇದ್ರೆ ರಾಯಲ್. ಫುಲ್ ಹೌಸ್ ಅಂದ್ರೆ ಮೂರು ಒಂದೇ ಥರ ಜೊತೆಗೆ ಒಂದು ಪೇರ್.

ಹನುಮಂತನಗರ ಲೆಕ್ಕಾಚಾರ
ಎಣಿಕೆಯನ್ನೂ ಪಕ್ಕದಲ್ಲಿ ಬರ್ಕೊಳ್ಳಿ, ಆಗ ಉರು ಹೊಡೆಯೋ ಕೆಲಸ ಇರಲ್ಲ: 4, 36, 624, 3,744, 5,108, 10,200, 54,912, 1,23,552, 10,98,240, 13,02,540. ಕೂಡಿಸಿ ನೋಡಿ, 25,98,960 ಬರತ್ತೆ. ಇನ್ನೊಂದು ಸೊಗಸು: ಪೋಕರ್ ಫುಲ್ ಹೌಸ್ 3,744. ಮೂರೆಲೆಯ ಪೇರ್ ಎಣಿಸಿ, ಅದೂ 3,744!

ವಿಜಯನಗರ ವಾಟರ್‌ಟ್ಯಾಂಕ್
ಇಬ್ಬರಿಗೂ ಫ್ಲಶ್ ಬಂದ್ರೆ? ಇಸ್ಪೀಟ್ ಫ್ಲಶ್ಶು ಆಟೀನ್ ಫ್ಲಶ್‌ಗಿಂತ ದೊಡ್ಡದು ಅಲ್ವಾ. ನಮ್ಮ ಗುಂಪಲ್ಲಿ ಹಾಗೇ ಕೊಡ್ತೀವಿ.

ರಾಜಾಜಿನಗರ ರಗಳೆ
ಇಲ್ಲ ಇಲ್ಲ. ಪೋಕರ್‌ನಲ್ಲಿ ಜಾತಿಗೆ ಮೇಲು ಕೀಳು ಇಲ್ಲ.

ವಿಜಯನಗರ ವಾಟರ್‌ಟ್ಯಾಂಕ್
ಬ್ರಿಡ್ಜಲ್ಲಿ ಇದೆಯಲ್ಲ! ಇಸ್ಪೀಟ್, ಆಟೀನ್, ಡೈಮಂಡ್, ಕಳಾವರ್ ಅಂತ ಕ್ರಮ ಇದೆ.

ಮಲ್ಲೇಶ್ವರಂ ಸಂಪಿಗೆ
ಬ್ರಿಡ್ಜ್ ಬೇರೆ, ಪೋಕರ್ ಬೇರೆ. ಕೈಗೆ ಎರಡು, ನಡುವೆ ಐದು ಎಲೆಯ ಈ ಪೋಕರ್ ಹೆಸರು ಹೋಲ್ಡೆಮ್. ಹೋಲ್ಡೆಮ್‌ನಲ್ಲಿ ಇಬ್ಬರಿಗೆ ಫ್ಲಶ್ ಬಂದ್ರೆ ಎರಡೂ ಒಂದೇ ಜಾತಿಯದ್ದೇ ಆಗಿರತ್ತೆ, ಯೋಚನೆ ಮಾಡಿ. ನಡುವೆ ಬಿದ್ದ ಐದರಲ್ಲಿ ಕನಿಷ್ಠ ಮೂರು ಆ ಜಾತಿಯದ್ದು ಇರಲೇಬೇಕು. ಐದರಲ್ಲಿ ಎರಡು ಜಾತಿ ಮೂರು ಮೂರು ಇರೋಕೆ ಜಾಗ ಎಲ್ಲಿದೆ? ಹಾಗಾಗಿ ಜಗಳನೇ ಹುಟ್ಟಲ್ಲ, ದೊಡ್ಡ ಎಲೆ ಇದ್ದೋರು ಗೆಲ್ತಾರೆ. ಅದೂ ಸಮ ಆದ್ರೆ ಎರಡನೇ ಎಲೆ, ಮೂರನೇದು, ಹೀಗೆ ಐದನೇದರ ತನಕ. ಐದೂ ಸಮ ಅಂದ್ರೆ ಪಾಟ್ (ಎಲ್ಲರೂ ಕಟ್ಟಿದ ರಾಶಿ) ಹಂಚ್ಕೊಳ್ಳೋದು.

ವಿಜಯನಗರ ವಾಟರ್‌ಟ್ಯಾಂಕ್
ಸರಿ ಮೇಡಂ, ಈ ಮೂರು-ಮೂರು ಮಾತು ಗುಂಪಿಗೆ ಹೇಳ್ತೀನಿ.

ಕೆಂಗೇರಿ ಉಪನಗರ
ನಾನು ಬೇರೆ ವಿಷಯ ಹೇಳ್ತೀನಿ. ಹಿಂದೆ ಸಂಜೆ ಹೊತ್ತು ಮನೆಗಳಲ್ಲಿ ಎಂಟು ಜನ ಸುತ್ತ ಕೂತು ಎಲೆ ಆಡೋರು. ಮಾತು, ನಗು, ಮಧ್ಯೆ ಕಾಫಿ. ಈಗ ಎಲ್ಲರೂ ಫೋನಲ್ಲಿ ಗೊತ್ತಿಲ್ಲದೋರ ಜೊತೆ ದುಡ್ಡು ಕಟ್ಟಿ ಆಡೋಕೆ ಹೋಗಿ ಮನೆ ಹಾಳು ಮಾಡ್ಕೊಂಡ್ರು. ನಮ್ಮ ರಸ್ತೆಯಲ್ಲೇ ಒಂದು ಸಂಸಾರ ಸಾಲಕ್ಕೆ ಮನೆ ಮಾರಿ ಹೋಯ್ತು. ಕೈಗಳ ಲೆಕ್ಕ ಹೇಳೋರು ಇದನ್ನೂ ಹೇಳ್ಬೇಕು.

ಚಾಮರಾಜಪೇಟೆ ಬೈಟೂ
ನಿಮ್ಮ ಮಾತು ನಿಜ ಸಾರ್. ನಮ್ಮಲ್ಲಿ ಬೀಜದ ಆಟ ಮಾತ್ರ. ಅಜ್ಜಿ ಇದ್ದಾಗಲೇ ದುಡ್ಡು ಬಂದ್ ಮಾಡಿಸಿದ್ರು.

ಶಿವಾಜಿನಗರ ಸಿಗ್ನಲ್
ಫೋನಲ್ಲಿ ದುಡ್ಡಿನ ಆಟ ಈಗ ಕಾನೂನು ಪ್ರಕಾರನೇ ಇಲ್ಲ. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ನಿಷೇಧಿಸಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಭಾಗಗಳನ್ನ ರದ್ದು ಮಾಡ್ತು. ಆಮೇಲೆ 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಪಾಸಾಯ್ತು. ಅದರಲ್ಲಿ ಕೌಶಲದ ಆಟ, ಅದೃಷ್ಟದ ಆಟ ಅಂತ ಭೇದ ಇಲ್ಲ, ಆನ್‌ಲೈನಲ್ಲಿ ದುಡ್ಡು ಕಟ್ಟಿ ಆಡಿಸೋ ಹಾಗೇ ಇಲ್ಲ.

ಬನಶಂಕರಿ ಬಸ್‌ಸ್ಟಾಪ್
ರಮ್ಮಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ?

ಶಿವಾಜಿನಗರ ಸಿಗ್ನಲ್
ಹೇಳಿದೆ, 1968ರಲ್ಲಿ, ಆಂಧ್ರದ ಒಂದು ಕ್ಲಬ್ಬಿನ ಕೇಸಲ್ಲಿ. ಅದು ಕ್ಲಬ್ಬಲ್ಲಿ ಎದುರಾಬದುರಾ ಕೂತು ಆಡೋ ರಮ್ಮಿ. ನಾನು ಹೇಳ್ತಿರೋದು ಆನ್‌ಲೈನ್ ದುಡ್ಡಿನ ಆಟದ ಬಗ್ಗೆ. ಎರಡನ್ನೂ ಕಲೆಸಬೇಡಿ. ಈಗ ವಿಷಯಕ್ಕೆ ಬನ್ನಿ.

ಕೋರಮಂಗಲ ಕೊಠಡಿ
ವಿಷಯಕ್ಕೇ ಬಂದೆ. ಹೋದ ವಾರ ಟೆರೇಸಲ್ಲಿ ನಡೆದಿದ್ದು, ತೀರ್ಪು ಕೊಡಿ. ನಡುವೆ ರಾಜ, ರಾಜ, 5, 5, ರಾಣಿ. ಫ್ರೆಂಡ್ ಕೈಲಿ 3, 3. ಅವನ ಹತ್ರ ಮೂರು ಪೇರ್ ಆಯ್ತು. ಎದುರಿನೋನ ಕೈಲಿ ಎಕ್ಕ, 7. ಅವನದ್ದು ಏನೂ ಸೇರ್ಲಿಲ್ಲ. ಮೂರು ಪೇರ್‌ಗೆ ಕೊಟ್ವಿ. ಅಷ್ಟರಲ್ಲಿ ಇನ್ನೊಬ್ಬ ಬಂದು ತಪ್ಪು ಅಂದ, ಮಧ್ಯರಾತ್ರಿ ತನಕ ಗಲಾಟೆ.

ರಾಜಾಜಿನಗರ ರಗಳೆ
ಎಕ್ಕದೋನು ಗೆದ್ದ! ಪಾಪ, ಅವನಿಗೆ ಪಾಟ್ ಕೊಡಿ.

ಕೋರಮಂಗಲ ಕೊಠಡಿ
ಹೇಗೆ ಅಣ್ಣ? ಅವನ ಹತ್ರ ಒಂದು ಪೇರೂ ಇಲ್ಲ.

ಮಲ್ಲೇಶ್ವರಂ ಸಂಪಿಗೆ
ಮೂರು ಪೇರ್ ಅನ್ನೋ ಕೈಯೇ ಪೋಕರ್‌ನಲ್ಲಿ ಇಲ್ಲ ಕಣಪ್ಪ. ಐದೇ ಎಲೆ ಲೆಕ್ಕಕ್ಕೆ, ಮೂರು ಪೇರ್‌ಗೆ ಆರು ಬೇಕು. ನಡುವಿನ ಎಲೆ ಇಬ್ಬರಿಗೂ ಸೇರಿದ್ದು, ರಾಜನ ಪೇರ್, 5ರ ಪೇರ್ ಇಬ್ಬರ ಹತ್ರನೂ ಇದೆ. ಉಳಿದಿದ್ದು ಐದನೇ ಎಲೆ, ಅದನ್ನ ಕಿಕ್ಕರ್ ಅಂತಾರೆ. ನಿನ್ನ ಫ್ರೆಂಡಿಗೆ ಐದನೇ ಎಲೆ ಯಾವುದು? ಕೈಲಿರೋ 3 ಚಿಕ್ಕದು, ನಡುವಿನ ರಾಣಿ ತಗೋತಾನೆ: ರಾಜ-ರಾಜ-5-5-ರಾಣಿ. ಎದುರಿನೋನದ್ದು ರಾಜ-ರಾಜ-5-5-ಎಕ್ಕ. ಎಕ್ಕ ರಾಣಿಗಿಂತ ದೊಡ್ಡದು. ಕೈಲಿದ್ದ ಜೋಡಿ 3 ಆಟಕ್ಕೇ ಬರಲಿಲ್ಲ ನೋಡು.

ಹೊಸಬರು ಎಡವೋದು ಪಟ್ಟಿಯಲ್ಲಿ ಅಲ್ಲ, ಇಲ್ಲೇ. ಪ್ರತಿ ಸಲ ಐದು ಎಲೆ ಎತ್ತಿ ಪಕ್ಕಕ್ಕೆ ಜೋಡಿಸಿಟ್ಟು ಆಮೇಲೆ ಹೋಲಿಸಿ. ಜಗಳ ಅರ್ಧ ಕಮ್ಮಿ ಆಗತ್ತೆ.

ಕೋರಮಂಗಲ ಕೊಠಡಿ
ಹಾಗಾದ್ರೆ ಇಬ್ಬರಿಗೂ ಎಕ್ಕದ ಪೇರ್ ಬಂದು, ಒಬ್ಬನ ಕೈಲಿ ಜೊತೆಗೆ 7, ಇನ್ನೊಬ್ಬನ ಕೈಲಿ 3 ಇದ್ರೆ 7ನೋನು ಗೆದ್ದ ಹಾಗೇ ಅಲ್ವಾ?

ಮಲ್ಲೇಶ್ವರಂ ಸಂಪಿಗೆ
ನಡುವೆ ಏನಿದೆ ಅನ್ನೋದರ ಮೇಲೆ. ನಡುವೆ ಎಕ್ಕ, ರಾಜ, ರಾಣಿ, 9, 5 ಅಂತ ಇದ್ರೆ ಇಬ್ಬರದ್ದೂ ಎಕ್ಕ-ಎಕ್ಕ-ರಾಜ-ರಾಣಿ-9. ಕೈಲಿರೋ 7, 3 ಎರಡೂ ವ್ಯರ್ಥ. ಪಾಟ್ ಸಮಭಾಗ. ನಡುವೆ ಎಕ್ಕ, 6, 5, 4, 2 ಇದ್ರೆ ಮಾತ್ರ...

ರಾಜಾಜಿನಗರ ರಗಳೆ
ಮೇಡಂ ತಡೀರಿ, ಅಲ್ಲಿ 3 ಇದ್ದೋನಿಗೆ 2-3-4-5-6 ಸ್ಟ್ರೇಟ್ ಆಗೋಯ್ತು! ಎಕ್ಕ, ಗುಲಾಮ, 6, 5, 2 ಅಂತ ಇಟ್ಕೊಳ್ಳಿ. ಎಕ್ಕ-ಎಕ್ಕ-ಗುಲಾಮ-7-6, ಎಕ್ಕ-ಎಕ್ಕ-ಗುಲಾಮ-6-5. ಆಗ 7ನೋನು ಗೆದ್ದ.

ಮಲ್ಲೇಶ್ವರಂ ಸಂಪಿಗೆ
ಹೌದು, ನಿಮ್ಮ ಉದಾಹರಣೆ ಸರಿ, ಅದನ್ನೇ ಇಟ್ಕೊಳ್ಳೋಣ.

ಕುಡ್ಲ ಟು ಕೆಆರ್‌ಪುರಂ
ಊರಲ್ಲಿ ನಾವೆಲ್ಲ ಆಡಿದ್ದು ಇಪ್ಪತ್ತೆಂಟು. ಅದರಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವ ಮಾರಾಯ್ರೆ, ಮೂರು ಪಾಯಿಂಟ್. ಆಮೇಲೆ 9, ಎರಡು ಪಾಯಿಂಟ್. ಎಕ್ಕ, 10 ಒಂದೊಂದು. ರಾಜ ರಾಣಿಗೆ ಸೊನ್ನೆ. ಬೆಂಗಳೂರಿಗೆ ಬಂದ ಮೇಲೆ ಪೋಕರ್ ಕಲಿಯುವಾಗ ಗುಲಾಮ ಕೈಗೆ ಬಂದ್ರೆ ಸಾಕು, ಮೈಯೆಲ್ಲ ಹುರುಪು. ಆ ಅಭ್ಯಾಸ ಬಿಡ್ಲಿಕ್ಕೆ ತುಂಬ ದಿನ ಬೇಕಾಯ್ತು.

ಕೆಂಗೇರಿ ಉಪನಗರ
ಇಪ್ಪತ್ತೆಂಟು ಒಳ್ಳೇ ಆಟ. ಜೋಡಿ ಕಟ್ಕೊಂಡು ಆಡೋದು, ತಲೆಗೆ ಕೆಲಸ. ಈಗಿನೋರು ಅದನ್ನೂ ಕಲೀಲಿ.

ವಿಜಯನಗರ ವಾಟರ್‌ಟ್ಯಾಂಕ್
ಎಕ್ಕದ ಬಗ್ಗೆ ಒಂದು. ರಾಣಿ-ರಾಜ-ಎಕ್ಕ-2-3 ಸ್ಟ್ರೇಟ್ ಆಗತ್ತಾ?

ರಾಜಾಜಿನಗರ ರಗಳೆ
ಆಗಲ್ಲ. ಎಕ್ಕ ಒಂದೋ ತಲೇಲಿ ಇರ್ಬೇಕು, ಇಲ್ಲಾ ಬಾಲದಲ್ಲಿ. ಮಧ್ಯೆ ಕೂರಲ್ಲ. ಮತ್ತೆ ಎಕ್ಕ-2-3-4-5 ಪೋಕರ್‌ನಲ್ಲಿ ಎಲ್ಲಕ್ಕಿಂತ *ಚಿಕ್ಕ* ಸ್ಟ್ರೇಟ್, ಅಲ್ಲಿ ಎಕ್ಕಕ್ಕೆ ಒಂದರ ಬೆಲೆ. ಮೂರೆಲೆ ಆಡೋರು ಇದನ್ನ ಗಮನಿಸಿ: ಅಲ್ಲಿ ಸಾಮಾನ್ಯವಾಗಿ ಎಕ್ಕ-ರಾಜ-ರಾಣಿ ಆದ್ಮೇಲೆ ಎಕ್ಕ-2-3ಗೇ ಎರಡನೇ ಸ್ಥಾನ.

ಚಾಮರಾಜಪೇಟೆ ಬೈಟೂ
ಅತ್ತೆ ಪಕ್ಕದಲ್ಲೇ ಕೂತು ಓದ್ತಿದ್ದಾರೆ. ಎಕ್ಕ-2-3-4-5 ಚಿಕ್ಕದು ಅಂದಿದ್ದಕ್ಕೆ ಮುಖ ಗಂಟಿಕ್ಕಿದೆ. ಅವರ ಇನ್ನೊಂದು ಪ್ರಶ್ನೆ: ಐದು ಎಲೆಗೆ ಎಣಿಸಿ ಪಟ್ಟಿ ಮಾಡಿದ್ರಿ, ಆಡೋದು ಏಳು ಎಲೆಯಲ್ಲಿ. ಏಳಕ್ಕೆ ಎಣಿಸಿದ್ರೆ ಕ್ರಮ ಮತ್ತೆ ಬದಲಾಗಲ್ವಾ?

ಹನುಮಂತನಗರ ಲೆಕ್ಕಾಚಾರ
ಅತ್ತೆಯವರು ನೇರ ಬೇರಿಗೇ ಕೈ ಹಾಕಿದ್ರು! ಹೌದು, ಬದಲಾಗತ್ತೆ, ಆದ್ರೆ ಕೆಳಗಿನ ತುದಿಯಲ್ಲಿ ಮಾತ್ರ. ಏಳು ಎಲೆಗೆ ನೂರರಲ್ಲಿ ಸುಮಾರು 44 ಸಲ ಒಂದು ಪೇರ್, 23.5 ಸಲ ಎರಡು ಪೇರ್, ಏನೂ ಇಲ್ಲದೆ ದೊಡ್ಡ ಎಲೆ ಮಾತ್ರ ಇರೋದು 17.4 ಸಲ. ಅಂದ್ರೆ ಖಾಲಿ ಕೈಯೇ ಪೇರ್‌ಗಿಂತ ಅಪರೂಪ. ಮೂರು ಒಂದೇ ಥರ 4.8, ಸ್ಟ್ರೇಟ್ 4.6, ಫ್ಲಶ್ 3, ಫುಲ್ ಹೌಸ್ 2.6. ಮೇಲಿನ ಕ್ರಮ ಹಾಗೇ ನಿಂತಿದೆ, ಅಂತರ ಮಾತ್ರ ಕಿರಿದಾಗಿದೆ.

ಹಾಗಾದ್ರೆ ಖಾಲಿ ಕೈಯನ್ನ ಪೇರ್‌ಗಿಂತ ಮೇಲೆ ಇಡಬಾರದಾ? ಇಟ್ಟು ನೋಡಿ. ಏಳರಲ್ಲಿ ಐದು ಆರಿಸೋ ಹಕ್ಕು ಆಟಗಾರನದ್ದು. ಒಂದು ಪೇರ್ ಇದ್ದೋನು ಜೋಡಿಯ ಒಂದು ಎಲೆ ಬಿಟ್ಟು "ನಂದೂ ಖಾಲಿ ಕೈ" ಅಂತಾನೆ. ಎಲ್ಲರೂ ಹಾಗೇ ಮಾಡ್ತಾರೆ, ತಕ್ಷಣ ಖಾಲಿ ಕೈಯೇ ಅತಿ ಸಾಮಾನ್ಯ ಆಗೋಗತ್ತೆ. ಅದಕ್ಕೇ ಐದೆಲೆಯ ಪಟ್ಟಿಯನ್ನೇ ಇಟ್ಕೊಂಡಿರೋದು.

ಮಲ್ಲೇಶ್ವರಂ ಸಂಪಿಗೆ
ಎಂಥ ಚೆಂದದ ವಿವರಣೆ ಸಾರ್. ಇದನ್ನ ನಾನು ಎಲ್ಲೂ ಓದಿರಲಿಲ್ಲ. ಎಣಿಕೆ ಬದಲಾದ್ರೆ ಪಟ್ಟಿ ನಿಜವಾಗ್ಲೂ ಬದಲಾಗಿರೋ ಆಟನೂ ಇದೆ: ಶಾರ್ಟ್ ಡೆಕ್. 2ರಿಂದ 5ರ ತನಕ ತೆಗೆದುಹಾಕಿ 36 ಎಲೆಯಲ್ಲಿ ಆಡೋದು. ಜಾತಿಗೆ ಒಂಬತ್ತೇ ಎಲೆ, ಫ್ಲಶ್ ಬರೋದು ಕಷ್ಟ. ಅಲ್ಲಿ ಫ್ಲಶ್ ಫುಲ್ ಹೌಸ್‌ನ ಸೋಲಿಸತ್ತೆ.

ಬನಶಂಕರಿ ಬಸ್‌ಸ್ಟಾಪ್
ಇದು ಕೇಳಿದ್ಮೇಲೆ ಒಪ್ಪಲೇಬೇಕು. ಎಲೆ ತೆಗೆದ್ರೆ ರೂಲೂ ಬದಲಾಗತ್ತೆ ಅಂದ್ರೆ ರೂಲಿನ ಹಿಂದೆ ಲೆಕ್ಕ ಇದೆ ಅಂತಾಯ್ತು. ಆದ್ರೆ ಟ್ರಯಲ್ 52, ಪ್ಯೂರ್ 48 ವಿಚಾರದಲ್ಲಿ ನಾನು ಸಂಪಿಗೆ ಮೇಡಂ ಪಕ್ಷನೇ.

ಕೋರಮಂಗಲ ಕೊಠಡಿ
ಕೊನೇ ಒಂದು. ಈ ಶನಿವಾರ ಒಬ್ಬ ಒಮಾಹಾ ಆಡೋಣ ಅಂತಿದ್ದಾನೆ, ಕೈಗೆ ನಾಲ್ಕು ಎಲೆ. ಪಟ್ಟಿ ಅದೇನಾ?

ರಾಜಾಜಿನಗರ ರಗಳೆ
ಪಟ್ಟಿ ಅದೇ. ಆದ್ರೆ ಕೈಯಿಂದ ಸರಿಯಾಗಿ ಎರಡು, ನಡುವಿಂದ ಸರಿಯಾಗಿ ಮೂರು ತಗೋಬೇಕು. ಹೆಚ್ಚೂ ಇಲ್ಲ, ಕಮ್ಮಿನೂ ಇಲ್ಲ. ನಡುವೆ ನಾಲ್ಕು ಆಟೀನ್ ಬಿದ್ದಿದೆ, ನಿಮ್ಮ ಕೈಲಿ ಆಟೀನ್ ಎಕ್ಕ ಒಂದೇ ಇದೆ ಅಂದ್ರೆ ಫ್ಲಶ್ ಆಗಲ್ಲ. ಕೈಲಿ ಎರಡು ಆಟೀನ್ ಇರಲೇಬೇಕು. ಗೋಡೆ ಮೇಲಿನ ಪಟ್ಟಿ ಕೆಳಗೆ ಇದನ್ನ ದಪ್ಪ ಅಕ್ಷರದಲ್ಲಿ ಬರೀರಿ.